ಸರ್ ವಾಲ್ಟರ್ ಸ್ಕಾಟ್: ಯಾರ ಬಾಯಿಗೆ ಯಾವ ಮಾತು?

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ಒಂದು ಐತಿಹಾಸಿಕ ನಾಟಕ ಆಡಿದ್ವಿ, ನಿಮಗೆ ನೆನಪಿರಬಹುದು. ಬರೆದವರು ನಾವು ಮೂವರು. ಮೂವರೂ ಇಂಗ್ಲಿಷ್ ಮೀಡಿಯಂ, ಮೂವರೂ ದಕ್ಷಿಣದವರು. ಕಥೆ ನಡೆಯೋದು ಉತ್ತರ ಕರ್ನಾಟಕದ ಒಂದು ಕಲ್ಪಿತ ಸಂಸ್ಥಾನದಲ್ಲಿ. ರಾಜ, ರಾಣಿ, ಮಂತ್ರಿ ಎಲ್ಲರಿಗೂ ಪುಸ್ತಕದ ಕನ್ನಡ ಬರೆದ್ವಿ. ಕೋಟೆ ಬಾಗಿಲ ಕಾವಲುಗಾರನಿಗೆ ಮಾತ್ರ ಉತ್ತರ ಕರ್ನಾಟಕದ ಮಾತು. ಯಾಕೆ ಅಂದ್ರೆ ಆ ಜಾಗದಲ್ಲಿ ಜನ ನಗಬೇಕಿತ್ತು. ನಕ್ಕರು ಕೂಡ.

ಆ ಕಾವಲುಗಾರನ ಪಾತ್ರ ಮಾಡಿದ್ದು ವಿಜಯಪುರದ ಕಡೆಯ ನಮ್ಮ ಗೆಳೆಯ. ಅವನನ್ನು ಆರಿಸಿದ್ದೇ ಅವನ ಮಾತಿಗಾಗಿ. ನಾಟಕ ಮುಗಿದು ಮೆಸ್‌ನಲ್ಲಿ ಊಟಕ್ಕೆ ಕೂತಾಗ ಅವನು ಜಾಸ್ತಿ ಮಾತಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದ. ಒಂದೇ ಕೋಟೆ, ಒಂದೇ ಊರಿನ ನೀರು ಕುಡಿದವರು, ಆದ್ರೂ ಕಾವಲುಗಾರ ಮಾತ್ರ ನಮ್ಮ ಆಯಿ ಹಂಗ ಮಾತಾಡ್ತಾನ, ರಾಜ ಯಾಕ ಮಾತಾಡಂಗಿಲ್ಲ ಅಂತ. ನಮ್ಮ ಹತ್ರ ಉತ್ತರ ಇರಲಿಲ್ಲ. ರಾಜ ಅಂದ್ರೆ ಹಾಗೇ ಅಲ್ವಾ ಅಂತ ಏನೋ ಅಂದು ಮಜ್ಜಿಗೆ ಬಡಿಸಿಕೊಂಡ್ವಿ.

ಉತ್ತರ ಹುಡುಕೋಕೆ ಹೋದಾಗ ಸಿಕ್ಕಿದ ಮನುಷ್ಯನ ಬಗ್ಗೆ ಈ ಲೇಖನ. ಹೆಸರು ಎಲ್ಲರೂ ಕೇಳಿರ್ತೀರಿ: ಸರ್ ವಾಲ್ಟರ್ ಸ್ಕಾಟ್, ಐವನ್‌ಹೋ ಬರೆದವನು. ಇಂಗ್ಲಿಷಿನಲ್ಲಿ ಐತಿಹಾಸಿಕ ಕಾದಂಬರಿ ಅನ್ನೋ ಪ್ರಕಾರಕ್ಕೆ ಒಂದು ರೂಪ ಕೊಟ್ಟವನು. ಇನ್ನೂರು ವರ್ಷದ ಹಿಂದೆಯೇ ನಮ್ಮ ಮೆಸ್ ಟೇಬಲ್‌ನ ಪ್ರಶ್ನೆಯನ್ನು ಎದುರಿಸಿದವನು ಅನ್ನೋದು ನಮಗೆ ಗೊತ್ತಿರಲಿಲ್ಲ.

ಸ್ಕಾಟ್ ಹುಟ್ಟಿದ್ದು 1771ರ ಆಗಸ್ಟ್ 15ರಂದು, ಎಡಿನ್‌ಬರೋ ನಗರದಲ್ಲಿ. ಅಪ್ಪ ವಕೀಲಿ ವೃತ್ತಿಯವರು, ತಾಯಿ ವೈದ್ಯರೊಬ್ಬರ ಮಗಳು. ಒಳ್ಳೆ ಮನೆತನ. ಒಂದೂವರೆ ವರ್ಷದ ಮಗು ಇದ್ದಾಗ ಒಂದು ಜ್ವರ ಬಂತು, ಬಲಗಾಲು ಸ್ವಾಧೀನ ತಪ್ಪಿತು. ಅದು ಪೋಲಿಯೋ ಆಗಿತ್ತು ಅಂತ ಈಗ ಹೇಳ್ತಾರೆ. ಹಳ್ಳಿ ಗಾಳಿಗೆ ಸುಧಾರಿಸಬಹುದು ಅಂತ ಮಗುವನ್ನು ಅಜ್ಜನ ಹೊಲಕ್ಕೆ ಕಳಿಸಿದರು. ಆ ಜಾಗದ ಹೆಸರು ಸ್ಯಾಂಡಿನೋ. ಇಂಗ್ಲೆಂಡಿನ ಗಡಿಗೆ ಹತ್ತಿರದ ಗುಡ್ಡಗಾಡು, ಪಕ್ಕದಲ್ಲೇ ಒಂದು ಹಳೇ ಕಲ್ಲಿನ ಗೋಪುರ. ಆಗಷ್ಟೇ ಸುಲಿದ ಕುರಿಚರ್ಮದಲ್ಲಿ ಮಗುವನ್ನು ಸುತ್ತಿ ಮಲಗಿಸೋ ನಾಟಿ ಔಷಧಿಯನ್ನೂ ಮಾಡಿ ನೋಡಿದರಂತೆ. ಕಾಲು ಸರಿಯಾಗಲಿಲ್ಲ, ಜೀವನಪೂರ್ತಿ ಕುಂಟುತ್ತಲೇ ನಡೆದ. ಆದ್ರೆ ಅಲ್ಲಿ ಕಿವಿಗೆ ಬೇರೆಯದೇ ಶಿಕ್ಷಣ ಸಿಕ್ಕಿತು. ಕುರಿ ಕಾಯುವವನು ಮಗುವನ್ನು ಗುಡ್ಡಕ್ಕೆ ಹೊತ್ತುಕೊಂಡು ಹೋಗ್ತಿದ್ದ. ಅಜ್ಜಿ ಗಡಿಯ ದರೋಡೆಕೋರರ ಕಥೆ ಹೇಳೋರು. ಅತ್ತೆ ಜೆನೆಟ್ ಹಳೇ ಲಾವಣಿಗಳನ್ನು ಓದಿ ಓದಿ ಬಾಯಿಪಾಠ ಮಾಡಿಸಿದರು. ಇದೆಲ್ಲದರ ಉಸಿರು ಸ್ಕಾಟ್ಸ್ ಭಾಷೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಸ್ಕಾಟ್ಸ್ ಅಂದ್ರೆ ಇಂಗ್ಲಿಷಿನ ತಪ್ಪು ರೂಪ ಅಲ್ಲ. ಒಂದೇ ಬೇರಿನಿಂದ ಬಂದು ಬೇರೆಯಾಗಿ ಬೆಳೆದ ಮಾತು. ಮಗುವಿಗೆ ಬೇರ್ನ್, ಗೊತ್ತು ಅನ್ನೋದಕ್ಕೆ ಕೆನ್, ಚರ್ಚಿಗೆ ಕಿರ್ಕ್ ಅಂತಾರೆ. ಒಂದು ಕಾಲದಲ್ಲಿ ಸ್ಕಾಟ್ಲೆಂಡಿನ ರಾಜರೂ ಅದನ್ನೇ ಆಡ್ತಿದ್ದರು, ಆಸ್ಥಾನದ ಕವಿಗಳೂ ಅದರಲ್ಲೇ ಬರೆದರು. 1707ರಲ್ಲಿ ಎರಡು ದೇಶದ ಪಾರ್ಲಿಮೆಂಟ್ ಒಂದಾಗಿ ಅಧಿಕಾರ ಲಂಡನ್ನಿಗೆ ಹೋಯ್ತು. ಅಲ್ಲಿಂದ ಕಥೆ ತಿರುಗಿತು. ಮೇಲೆ ಬರಬೇಕು ಅನ್ನೋರಿಗೆಲ್ಲ ಲಂಡನ್ನಿನ ಇಂಗ್ಲಿಷ್ ಬೇಕಾಯ್ತು. ಡೇವಿಡ್ ಹ್ಯೂಮ್‌ನಂಥ ದೊಡ್ಡ ತತ್ವಜ್ಞಾನಿಯೇ ಬರವಣಿಗೆಯಲ್ಲಿ ಬಿಡಬೇಕಾದ ಸ್ಕಾಟ್ ಪ್ರಯೋಗಗಳ ಪಟ್ಟಿ ಮಾಡಿದ. 1761ರಲ್ಲಿ ಥಾಮಸ್ ಶೆರಿಡನ್ ಅನ್ನೋ ನಟ ಎಡಿನ್‌ಬರೋಗೆ ಬಂದು ಇಂಗ್ಲಿಷ್ ಮಾತಾಡೋದು ಹೇಗೆ ಅಂತ ಉಪನ್ಯಾಸ ಕೊಟ್ಟಾಗ ಊರಿನ ಗಣ್ಯರೆಲ್ಲ ಹೋಗಿ ಕೂತರು. ತಮಾಷೆ ಏನಂದ್ರೆ ಶೆರಿಡನ್ ಇಂಗ್ಲೆಂಡಿನವನೇ ಅಲ್ಲ, ಐರ್ಲೆಂಡಿನವನು! ನಮ್ಮೂರ ಬಸ್ ಸ್ಟ್ಯಾಂಡ್ ಮೇಲಿನ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಬೋರ್ಡ್ ನೋಡಿದಾಗೆಲ್ಲ ಈಗ ನಮಗೆ ಶೆರಿಡನ್ ನೆನಪಾಗ್ತಾನೆ.

ಅಂದ್ರೆ ಸ್ಕಾಟ್ ಬೆಳೆದ ಹೊತ್ತಿಗೆ ಅವನ ಊರಿನಲ್ಲಿ ಮಾತಿನಿಂದಲೇ ಮನುಷ್ಯನ ಅಂತಸ್ತು ಅಳೆಯೋದು ಶುರುವಾಗಿತ್ತು. ಅವನು ಎರಡೂ ಕಡೆ ಸೇರಿದವನು. ಓದಿದ್ದು ಹೈಸ್ಕೂಲು, ಯೂನಿವರ್ಸಿಟಿ, ಕಾನೂನು, ಲ್ಯಾಟಿನ್. ಕಿವಿಯಲ್ಲಿ ಇದ್ದದ್ದು ಸ್ಯಾಂಡಿನೋ. ತನ್ನ ಉಚ್ಚಾರಣೆಯ ಸ್ಕಾಟಿಷ್ ಛಾಯೆಯನ್ನು ಅವನು ಕೊನೆವರೆಗೂ ಕಳೆದುಕೊಳ್ಳಲಿಲ್ಲ. ಹದಿನೈದನೇ ವಯಸ್ಸಿನಲ್ಲಿ ಒಂದು ಮನೆಯ ಕೂಟದಲ್ಲಿ ಕವಿ ರಾಬರ್ಟ್ ಬರ್ನ್ಸ್‌ನನ್ನು ನೋಡಿದ. ಗೋಡೆಯ ಚಿತ್ರದ ಕೆಳಗಿದ್ದ ಸಾಲು ಯಾರದ್ದು ಅಂತ ಬರ್ನ್ಸ್ ಕೇಳಿದಾಗ ಅಲ್ಲಿದ್ದ ಪಂಡಿತರಿಗೆ ಗೊತ್ತಾಗಲಿಲ್ಲ, ಈ ಹುಡುಗನಿಗೆ ಗೊತ್ತಿತ್ತು. ರೈತನ ಮಗ ಬರ್ನ್ಸ್ ತನ್ನ ಊರ ಮಾತಿನಲ್ಲೇ ಬರೆದು ರಾಜಧಾನಿಯ ದೊಡ್ಡವರ ಮಧ್ಯೆ ನಿಂತಿದ್ದನ್ನು ಸ್ಕಾಟ್ ಜೀವನವಿಡೀ ನೆನೆಸಿಕೊಳ್ತಿದ್ದ.

1792ರಲ್ಲಿ ವಕೀಲನಾದ. ಅದೇ ವರ್ಷದಿಂದ ಒಂದು ಹುಚ್ಚು ಶುರುವಾಯ್ತು. ರಜೆ ಸಿಕ್ಕಾಗ ರಾಬರ್ಟ್ ಶಾರ್ಟ್‌ರೀಡ್ ಅನ್ನೋ ಗೆಳೆಯನ ಜೊತೆ ಲಿಡ್ಸ್‌ಡೇಲ್ ಅನ್ನೋ ಕಣಿವೆಗೆ ಕುದುರೆ ಹತ್ತಿ ಹೋಗೋದು. ಗಾಡಿ ಹೋಗುವಂಥ ರಸ್ತೆ ಇಲ್ಲದ ಜಾಗ. ರೈತರ ಮನೆ, ಕುರಿಗಾಹಿಗಳ ಗುಡಿಸಲು, ಎಲ್ಲಿ ಕತ್ತಲಾಗುತ್ತೋ ಅಲ್ಲೇ ಊಟ, ಅಲ್ಲೇ ನಿದ್ದೆ, ರಾತ್ರಿ ಲಾವಣಿ. ಏಳು ವರ್ಷ ಹೀಗೆ ತಿರುಗಿದ. ಸಂಗ್ರಹ 1802ರಿಂದ ಪುಸ್ತಕವಾಗಿ ಬಂತು. ಆಗ ಜೇಮ್ಸ್ ಹಾಗ್ ಅನ್ನೋ ಕುರಿಗಾಹಿ ಕವಿಯ ತಾಯಿ ಮಾರ್ಗರೆಟ್ ಲೇಡ್ಲಾ ಸ್ಕಾಟ್‌ಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದರಂತೆ: ಇವು ಹಾಡೋಕೆ ಇದ್ದ ಪದಗಳು, ಅಚ್ಚು ಹಾಕಿ ಕೆಡಿಸಿದೆ, ಇನ್ನು ಯಾರೂ ಹಾಡಲ್ಲ, ಸಾಲದ್ದಕ್ಕೆ ಸರಿಯಾಗಿಯೂ ಬರೆದಿಲ್ಲ ಅಂತ. ನಮಗೆ ಆ ಅಜ್ಜಿ ತುಂಬಾ ಇಷ್ಟವಾದರು. ಅವರು ಯಾಕೆ ಇಷ್ಟವಾದರು ಅಂತ ಕೊನೆಗೆ ಗೊತ್ತಾಗುತ್ತೆ.

1799ರಲ್ಲಿ ಸ್ಕಾಟ್ ಸೆಲ್ಕರ್ಕ್ ಜಿಲ್ಲೆಯ ಶೆರೀಫ್ ಆದ, ಅಂದ್ರೆ ಅಲ್ಲಿನ ನ್ಯಾಯಾಧೀಶ. ಆಮೇಲೆ ಎಡಿನ್‌ಬರೋ ಹೈಕೋರ್ಟಿನಲ್ಲಿ ಗುಮಾಸ್ತರ ಮುಖ್ಯ ಹುದ್ದೆಗಳಲ್ಲಿ ಒಂದು. ಕುರಿ ಕದ್ದವನು, ಸಾಲ ಕೊಟ್ಟವನು, ಜಮೀನುದಾರ, ಸಾಕ್ಷಿ ಹೇಳೋಕೆ ಬಂದ ಕೆಲಸದಾಕೆ, ಎಲ್ಲರ ಮಾತೂ ಕೋರ್ಟಿನಲ್ಲಿ ಕೇಳಬೇಕು. ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆ ಇಂಟರ್ನ್‌ಶಿಪ್ ಉಂಟಾ? ಮದುವೆಯಾಗಿದ್ದು ಫ್ರೆಂಚ್ ಮೂಲದ ಷಾರ್ಲೆಟ್‌ಳನ್ನು, ಹಾಗಾಗಿ ಮನೆಯೊಳಗೂ ಬೇರೆಯದೇ ಉಚ್ಚಾರಣೆ.

ಮೊದಲು ಹೆಸರಾದದ್ದು ಕವಿಯಾಗಿ. ಅದನ್ನು ಬೇಗ ದಾಟೋಣ. ಆ ಉದ್ದ ಪದ್ಯಗಳನ್ನು ನಾವು ಪೂರ್ತಿ ಓದೋಕೆ ಆಗಲಿಲ್ಲ, ಸುಳ್ಳು ಹೇಳಲ್ಲ.

ನಮ್ಮ ವಿಷಯಕ್ಕೆ ಬೇಕಾದ ಒಂದು ಘಟನೆ 1808ರದ್ದು. ಜೋಸೆಫ್ ಸ್ಟ್ರಟ್ ಅನ್ನೋ ವಿದ್ವಾಂಸ ಹದಿನೈದನೇ ಶತಮಾನದ ಒಂದು ಕಥೆ ಬರೆದು ಮುಗಿಸದೆ ತೀರಿಕೊಂಡಿದ್ದ. ಅದನ್ನು ಮುಗಿಸಿಕೊಡೋ ಕೆಲಸ ಸ್ಕಾಟ್‌ಗೆ ಬಂತು. ಸ್ಟ್ರಟ್‌ಗೆ ಹಳೇ ಬಟ್ಟೆ, ಹಳೇ ಆಟ, ಹಳೇ ಪದ ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದನ್ನೆಲ್ಲ ಸುರಿದಿದ್ದ. ಪುಸ್ತಕವನ್ನು ಜನ ಓದಲಿಲ್ಲ. ಸ್ಕಾಟ್ ಅದರಿಂದ ಕಲಿತ ಪಾಠವನ್ನು ಮುಂದೆ ಐವನ್‌ಹೋದ ಮುನ್ನುಡಿಯಲ್ಲಿ ಬರೆದ. ಹಳೇ ಕಾಲದ ಭಾಷೆಯನ್ನು ಇದ್ದ ಹಾಗೇ ಬರೆದ್ರೆ ಇವತ್ತಿನವರಿಗೆ ಅರ್ಥವಾಗಲ್ಲ, ತೀರಾ ಇವತ್ತಿನ ಪದ ಹಾಕಿದ್ರೆ ಕಾಲದ ನಂಬಿಕೆ ಒಡೆಯುತ್ತೆ. ಎರಡು ಕಾಲಕ್ಕೂ ಸಾಮಾನ್ಯವಾದ ಮಾತಿನ ದೊಡ್ಡ ಭಾಗ ಒಂದಿರುತ್ತೆ, ಅಲ್ಲಿ ನಿಂತು ಬರೀಬೇಕು ಅನ್ನೋದು ಅವನ ಲೆಕ್ಕ. ಹಳೇ ಪದ ಸಾರಿಗೆ ಒಗ್ಗರಣೆ ಇದ್ದ ಹಾಗೆ ಅಂತ ನಾವು ಅರ್ಥ ಮಾಡಿಕೊಂಡ್ವಿ. ನಮ್ಮ ನಾಟಕದ ಮಂತ್ರಿ ಬರೀ ಒಗ್ಗರಣೆ ಆಗಿದ್ದ.

1805ರ ಸುಮಾರಿಗೆ ಶುರು ಮಾಡಿ ಬಿಟ್ಟಿದ್ದ ಒಂದು ಕಾದಂಬರಿಯ ಹಸ್ತಪ್ರತಿ, ವರ್ಷಗಳ ನಂತರ ಮೀನು ಹಿಡಿಯೋ ಗಾಳದ ಸಾಮಾನು ಹುಡುಕುವಾಗ ಹಳೇ ಮೇಜಿನಲ್ಲಿ ಸಿಕ್ಕಿತು ಅಂತ ಅವನೇ ಹೇಳಿಕೊಂಡಿದ್ದಾನೆ. ಅದನ್ನು ಮುಗಿಸಿದ. 1814ರ ಜುಲೈನಲ್ಲಿ ವೇವರ್ಲಿ ಬಂತು, ಲೇಖಕರ ಹೆಸರಿಲ್ಲದೆ. ಕವಿ ಮತ್ತು ಕೋರ್ಟಿನ ಅಧಿಕಾರಿ ಕಾದಂಬರಿ ಬರೆಯೋದು ಆಗ ಅಷ್ಟು ಮರ್ಯಾದೆಯ ಕೆಲಸ ಅಲ್ಲ. ಅಚ್ಚು ಮನೆಯಲ್ಲಿ ಕೈಬರಹ ಗುರುತು ಹಿಡೀಬಾರದು ಅಂತ ಬೇರೆಯವರಿಂದ ನಕಲು ಮಾಡಿಸಿ ಕಳಿಸ್ತಿದ್ದರು. ಹದಿಮೂರು ವರ್ಷ ಈ ಗುಟ್ಟು ನಡೆಯಿತು, ಬಹಳ ಜನ ಊಹಿಸಿದ್ದರೂ.

ವೇವರ್ಲಿಯಲ್ಲಿ, ಅದರ ಹಿಂದೆಯೇ ಬಂದ ಕಾದಂಬರಿಗಳಲ್ಲಿ, ಕಥೆ ಹೇಳೋ ದನಿ ಇಂಗ್ಲಿಷ್. ಆದ್ರೆ ಜನ ಬಾಯಿ ತೆಗೆದ ಕೂಡಲೇ ಸ್ಕಾಟ್ಸ್. ಅದೂ ಒಂದೇ ಸ್ಕಾಟ್ಸ್ ಅಲ್ಲ. ಹಳೇ ಜಮೀನುದಾರ ಮಾತಿನ ಮಧ್ಯೆ ಲ್ಯಾಟಿನ್ನೂ ಕಾನೂನಿನ ಪದಗಳೂ ಬೆರೆಸ್ತಾನೆ. ಗ್ಲಾಸ್ಗೋದ ವ್ಯಾಪಾರಿ ಲಾಭ ನಷ್ಟದ ಭಾಷೆಯಲ್ಲಿ ಯೋಚಿಸ್ತಾನೆ. ಧರ್ಮಕ್ಕಾಗಿ ಬಂಡೆದ್ದ ಮುದುಕಿಯ ಬಾಯಲ್ಲಿ ಊರ ಮಾತೂ ಬೈಬಲ್ಲೂ ಒಟ್ಟಿಗೆ ಹರಿಯುತ್ತೆ. ಅಕ್ಷರ ಅಕ್ಷರ ಉಚ್ಚಾರಣೆ ಹಿಡಿಯೋಕೆ ಅವನು ಹೋಗಲಿಲ್ಲ. ಕೆಲವು ಪದ, ಕೆಲವು ತಿರುವು, ವಾಕ್ಯದ ಓಟ, ಅಷ್ಟೇ. ಲಂಡನ್ನಿನ ಓದುಗರು ತಿಣುಕಿದರೂ ಬಿಡದೆ ಓದಿದರು. ಕನ್ನಡದಲ್ಲಿ ಕುವೆಂಪು ಮಲೆಗಳಲ್ಲಿ ಮದುಮಗಳು ಕಾದಂಬರಿಯಲ್ಲಿ ಮಲೆನಾಡಿನ ಮಾತನ್ನು ಹೀಗೇ ಪಾತ್ರಗಳ ಬಾಯಿಗೆ ಕೊಟ್ಟಿದ್ದನ್ನು ಓದಿದವರಿಗೆ ಇದು ಹೊಸದೇನಲ್ಲ.

ಈಗ ನಮ್ಮ ಗೆಳೆಯನ ಪ್ರಶ್ನೆ. 1816ರಲ್ಲಿ ಬಂದ ಓಲ್ಡ್ ಮಾರ್ಟಾಲಿಟಿ ನಡೆಯೋದು 1679ರ ಸ್ಕಾಟ್ಲೆಂಡಿನಲ್ಲಿ. ನಾಯಕ ಹೆನ್ರಿ ಮಾರ್ಟನ್ ಅಲ್ಲಿಯದೇ ಕುಲೀನ ಮನೆಯ ಹುಡುಗ. ಉಳುಮೆಯವನು ಕಡ್ಡಿ ಅವನ ಜೊತೆಗಾರ. ಕಡ್ಡಿ ರಸವತ್ತಾದ ಸ್ಕಾಟ್ಸ್ ಆಡ್ತಾನೆ. ಮಾರ್ಟನ್ ಮಾತ್ರ ಅಚ್ಚುಕಟ್ಟಾದ ಇಂಗ್ಲಿಷ್! ನಿಜವಾಗಿ 1679ರಲ್ಲಿ ಅಲ್ಲಿನ ಕುಲೀನರ ಬಾಯಲ್ಲೂ ಸ್ಕಾಟ್ಸ್ ಜೀವಂತವಾಗಿತ್ತು. ದೊಡ್ಡವರದ್ದು ಇಂಗ್ಲಿಷ್, ಸಣ್ಣವರದ್ದು ಸ್ಕಾಟ್ಸ್ ಅನ್ನೋ ಗೆರೆ ಸ್ಕಾಟ್‌ನ ಸ್ವಂತ ಕಾಲದ್ದು. ಅದನ್ನು ಅವನು ನೂರ ಮೂವತ್ತು ವರ್ಷ ಹಿಂದಕ್ಕೆ ಒಯ್ದು ಎಳೆದಿದ್ದಾನೆ. ನಾವೂ ಅದನ್ನೇ ಮಾಡಿದ್ದು. ನಮ್ಮ ಸಂಸ್ಥಾನದ ರಾಜ ಪಠ್ಯಪುಸ್ತಕದ ಕನ್ನಡ ಆಡಿದ್ದು ಅವನ ಕಾಲದಲ್ಲಿ ಹಾಗಿತ್ತು ಅಂತ ಅಲ್ಲ, ನಮ್ಮ ಕಾಲದಲ್ಲಿ ನ್ಯೂಸ್ ಓದೋರು ಹಾಗೆ ಮಾತಾಡ್ತಾರೆ ಅಂತ.

ಆದ್ರೆ ಸ್ಕಾಟ್ ಅಲ್ಲಿಗೇ ನಿಲ್ಲಲಿಲ್ಲ. 1818ರಲ್ಲಿ ದಿ ಹಾರ್ಟ್ ಆಫ್ ಮಿಡ್ಲೋಥಿಯನ್ ಬರೆದ. ಕಥೆ 1736ರದ್ದು. ಎಫಿ ಡೀನ್ಸ್ ಅನ್ನೋ ಹುಡುಗಿಯ ಮೇಲೆ ಹೆತ್ತ ಮಗುವನ್ನು ಕೊಂದ ಆರೋಪ. ಆಗಿನ ಕಾನೂನು ಹೇಗಿತ್ತು ಅಂದ್ರೆ, ಬಸುರಾಗಿದ್ದನ್ನು ಯಾರಿಗೂ ಹೇಳದೆ ಮುಚ್ಚಿಟ್ಟು, ಮಗು ಕಾಣೆಯಾದ್ರೆ ಕೊಲೆ ಅಂತಲೇ ಲೆಕ್ಕ. ನನ್ನ ಹತ್ರ ಹೇಳಿದ್ದಳು ಅಂತ ಅಕ್ಕ ಜೀನಿ ಒಂದು ಸುಳ್ಳು ಹೇಳಿದ್ರೆ ತಂಗಿ ಉಳೀತಾಳೆ. ಜೀನಿ ಸುಳ್ಳು ಹೇಳಲ್ಲ. ತಂಗಿಗೆ ಗಲ್ಲು ಶಿಕ್ಷೆ ಆಗುತ್ತೆ. ಆಗ ಹಾಲು ಮಾರೋ ಮನೆಯ ಈ ಹುಡುಗಿ ಕ್ಷಮಾದಾನ ಕೇಳೋಕೆ ಎಡಿನ್‌ಬರೋದಿಂದ ಲಂಡನ್ನಿಗೆ ಬಹುಪಾಲು ನಡೆದೇ ಹೊರಡ್ತಾಳೆ. ಇದಕ್ಕೆ ಮೂಲ ಹೆಲೆನ್ ವಾಕರ್ ಅನ್ನೋ ನಿಜವಾದ ಹೆಂಗಸು. ಅವಳ ಕಥೆಯನ್ನು ಒಬ್ಬ ಓದುಗ ಮಹಿಳೆ ಸ್ಕಾಟ್‌ಗೆ ತಿಳಿಸಿದ್ದರು. ಹೆಸರಿಲ್ಲದೆ ಮಲಗಿದ್ದ ಹೆಲೆನ್‌ಳ ಸಮಾಧಿಗೆ ಸ್ಕಾಟ್ ಮುಂದೆ ಕಲ್ಲು ಹಾಕಿಸಿದ.

ಜೀನಿ ಗಡಿ ದಾಟಿ ಇಂಗ್ಲೆಂಡಿಗೆ ಕಾಲಿಟ್ಟ ಮೇಲಿನ ಒಂದು ಪುಟವನ್ನು ನಾವು ಮೂವರೂ ಎರಡೆರಡು ಸಲ ಓದಿದ್ವಿ. ಬರಿಗಾಲು, ಚೌಕಳಿ ಶಾಲು ನೋಡಿ ದಾರಿಯ ಜನ ನಗ್ತಾರೆ. ಅವಳು ಬಾಯಿ ಬಿಟ್ಟರೆ ಇನ್ನೂ ನಗ್ತಾರೆ. ನಗೋರ ಮಾತು ಅವಳದಕ್ಕಿಂತ ಒರಟಾಗಿದೆ ಅನ್ನೋದನ್ನು ಸ್ಕಾಟ್ ಪಕ್ಕದಲ್ಲೇ ಚುಚ್ಚಿ ಹೇಳ್ತಾನೆ. ಜೀನಿ ಶೂ ಹಾಕಿಕೊಳ್ತಾಳೆ. ಮಾತು ಆದಷ್ಟು ಕಮ್ಮಿ ಮಾಡ್ತಾಳೆ.

ನಮ್ಮ ಗೆಳೆಯ ಫಸ್ಟ್ ಸೆಮಿಸ್ಟರಿನಲ್ಲಿ ಮನೆಗೆ ಫೋನ್ ಮಾಡೋವಾಗ ರೂಮಿನಿಂದ ಎದ್ದು ಟೆರೇಸಿಗೆ ಹೋಗ್ತಿದ್ದ. ನೆಟ್‌ವರ್ಕ್ ಸಿಗಲ್ಲ ಅಂತಿದ್ದ. ನಾವು ನಂಬಿದ್ವಿ.

ಜೀನಿ ಕೊನೆಗೆ ಆರ್ಗೈಲ್ ಡ್ಯೂಕ್‌ನ ನೆರವಿನಿಂದ ರಾಣಿ ಕ್ಯಾರೊಲಿನ್ ಮುಂದೆ ನಿಲ್ತಾಳೆ. ಅಲ್ಲಿ ಅವಳು ಆಡೋ ಮಾತು ಇಡೀ ಪುಸ್ತಕದ ಎದೆ. ನೆಮ್ಮದಿಯಲ್ಲಿ ಮಲಗಿ ಏಳೋ ದಿನ ಬೇರೆಯವರ ಕಷ್ಟ ನೆನಪಾಗಲ್ಲ, ಸಾಯೋ ಗಳಿಗೆಯಲ್ಲಿ ನೆನಪಾಗೋದು ನಮಗಾಗಿ ಮಾಡಿಕೊಂಡದ್ದಲ್ಲ, ಬೇರೆಯವರಿಗೆ ಮಾಡಿದ್ದು ಅನ್ನೋ ಅರ್ಥದಲ್ಲಿ ಬೇಡಿಕೊಳ್ತಾಳೆ. ಊರ ಹುಡುಗಿಯ ಮಾತು ಅಲ್ಲಿ ನಗೆಗೆ ಇಲ್ಲ. ಅದರ ಮೇಲೆ ಒಂದು ಜೀವ ನಿಂತಿದೆ. ಸೂಕ್ಷ್ಮವಾಗಿ ನೋಡಿದ್ರೆ ಆ ಜಾಗದಲ್ಲಿ ಸ್ಕಾಟ್ಸ್ ಪದಗಳು ಸ್ವಲ್ಪ ತೆಳುವಾಗಿ ಬೈಬಲ್ಲಿನ ಇಂಗ್ಲಿಷ್ ಕಡೆ ವಾಲುತ್ತೆ. ಸ್ಕಾಟ್‌ಗೆ ಧೈರ್ಯ ಸಾಲಲಿಲ್ಲ ಅಂತ ನಮ್ಮಲ್ಲಿ ಒಬ್ಬರು, ಕೋರ್ಟು ಕಚೇರಿಯಲ್ಲಿ ನಾವೆಲ್ಲ ಮಾತು ಬದಲಿಸಲ್ವಾ ಅಂತ ಇನ್ನಿಬ್ಬರು. ಈ ಜಗಳ ಇನ್ನೂ ಮುಗಿದಿಲ್ಲ. ಅತ್ತ ತಂಗಿ ಎಫಿ ಮುಂದೆ ಸಿರಿವಂತನನ್ನು ಮದುವೆಯಾಗಿ ಲೇಡಿ ಸ್ಟಾಂಟನ್ ಅನ್ನಿಸಿಕೊಂಡು ನಯವಾದ ಇಂಗ್ಲಿಷ್ ಕಲೀತಾಳೆ, ಬಯಲಾಗೋ ಭಯದಲ್ಲೇ ಬದುಕ್ತಾಳೆ.

ಐವನ್‌ಹೋ 1819ರ ಕೊನೆಗೆ ಬಂತು. ಆಗ ಸ್ಕಾಟ್‌ಗೆ ಹೊಟ್ಟೆಯಲ್ಲಿ ತಡೆಯಲಾಗದ ನೋವು, ಪಿತ್ತಕೋಶದ ಕಲ್ಲು. ಬರೆಯೋಕೆ ಆಗದೆ ಕೆಲವು ಭಾಗ ಹೇಳಿ ಬರೆಸಿದ. ಸಂಭಾಷಣೆ ಬಂದಾಗ ನೋವು ಮರೆತು ಎದ್ದು ಓಡಾಡಿ ಪಾತ್ರಗಳ ದನಿಯಲ್ಲೇ ಹೇಳ್ತಿದ್ದ ಅಂತ ಅವನ ಅಳಿಯ ಲಾಕ್‌ಹಾರ್ಟ್ ಬರೆದಿದ್ದಾನೆ. ಐವನ್‌ಹೋ ಶುರುವಲ್ಲೇ ಹಂದಿ ಕಾಯೋ ಗರ್ತ್, ವಿದೂಷಕ ವಾಂಬಾ ಮಾತಾಡ್ತಾರೆ. ಪ್ರಾಣಿ ಬದುಕಿದ್ದು ಆಳುಗಳು ಮೇಯಿಸೋವರೆಗೆ ಅದಕ್ಕೆ ಸ್ಯಾಕ್ಸನ್ ಹೆಸರು, ಸತ್ತು ದೊರೆಯ ಊಟದ ಮೇಜಿಗೆ ಹೋದ ಕೂಡಲೇ ಫ್ರೆಂಚ್ ಹೆಸರು. ಸ್ವೈನ್ ಹೋಗಿ ಪೋರ್ಕ್, ಕಾಫ್ ಹೋಗಿ ವೀಲ್. ಗೆದ್ದವರು ಯಾರು, ಸೋತವರು ಯಾರು ಅಂತ ಅಡುಗೆಮನೆಯ ಪದದಲ್ಲೇ ತೋರಿಸಿಬಿಟ್ಟ.

ರಾಜನಿಗೂ ಊರ ಮಾತು ಕೊಟ್ಟಿದ್ದಾನಾ? ಕೊಟ್ಟಿದ್ದಾನೆ. 1822ರ ದಿ ಫಾರ್ಚೂನ್ಸ್ ಆಫ್ ನೈಜೆಲ್‌ನಲ್ಲಿ ಲಂಡನ್ನಿನ ಸಿಂಹಾಸನದ ಮೇಲೆ ಕೂತ ಒಂದನೇ ಜೇಮ್ಸ್ ಗಟ್ಟಿ ಸ್ಕಾಟ್ಸ್ ಆಡ್ತಾನೆ, ನಡುನಡುವೆ ಲ್ಯಾಟಿನ್. ರಾಜ ನಗೆಪಾಟಲಿಗೂ ಆಗ್ತಾನೆ, ಬುದ್ಧಿವಂತನೂ ಹೌದು. ಇದನ್ನು ಓದಿದ ದಿನ ರಾತ್ರಿ ಹನ್ನೊಂದಕ್ಕೆ ಗೆಳೆಯನ ರೂಮಿನ ಬಾಗಿಲು ಬಡಿದ್ವಿ. ಇನ್ನೊಂದು ಹೆಜ್ಜೆ 1824ರಲ್ಲಿ: ರೆಡ್‌ಗಾಂಟ್ಲೆಟ್ ಒಳಗೆ ಕುರುಡ ಪಿಟೀಲುಗಾರ ವಿಲ್ಲಿ ಹೇಳೋ ಒಂದು ಕಥೆ ಇದೆ, ಅದು ಶುರುವಿಂದ ಕೊನೆವರೆಗೂ ಸ್ಕಾಟ್ಸ್. ಅಲ್ಲಿ ಕಥೆ ಹೇಳೋ ದನಿಯೇ ಅವನದ್ದು, ಪಕ್ಕದಲ್ಲಿ ನಿಂತು ತರ್ಜುಮೆ ಮಾಡೋಕೆ ಇಂಗ್ಲಿಷ್ ಇಲ್ಲ.

ಎಲ್ಲ ಕಡೆ ಗೆದ್ದ ಅಂತ ಹೇಳೋಕಾಗಲ್ಲ. ಉತ್ತರದ ಗುಡ್ಡಗಳ ಗೇಲಿಕ್ ಭಾಷೆ ಅವನಿಗೆ ಚೆನ್ನಾಗಿ ಬರ್ತಿರಲಿಲ್ಲ. ಅಲ್ಲಿನ ಸಾಮಾನ್ಯ ಸಿಪಾಯಿಗಳಿಗೆ ಮುರುಕು ಇಂಗ್ಲಿಷ್ ಕೊಟ್ಟು ನಗಿಸಿದ್ದಾನೆ. ನಮ್ಮ ಕಾವಲುಗಾರನೇ!

1826ರ ಜನವರಿಯಲ್ಲಿ ಅವನ ಪ್ರಕಾಶಕರೂ ಅಚ್ಚುಮನೆಯೂ ಮುಳುಗಿದವು. ಅಚ್ಚುಮನೆಯಲ್ಲಿ ಅವನ ಪಾಲೂ ಇದ್ದದ್ದರಿಂದ 1,20,000 ಪೌಂಡ್ ಆಸುಪಾಸಿನ ಸಾಲ ತಲೆ ಮೇಲೆ ಬಂತು. ದಿವಾಳಿ ಘೋಷಿಸಲಿಲ್ಲ, ಬರೆದು ತೀರಿಸ್ತೀನಿ ಅಂದ. ಅದೇ ಮೇ ತಿಂಗಳಲ್ಲಿ ಹೆಂಡತಿ ತೀರಿಕೊಂಡರು. ಮರುವರ್ಷ ಎಡಿನ್‌ಬರೋದ ಒಂದು ಔತಣದಲ್ಲಿ ಆ ಕಾದಂಬರಿಗಳೆಲ್ಲ ನನ್ನವೇ ಅಂತ ಬಹಿರಂಗವಾಗಿ ಒಪ್ಪಿಕೊಂಡ.

ಸಾಲದ ಆ ಅವಸರದಲ್ಲೇ, 1827ರಲ್ಲಿ, ಸ್ಕಾಟ್ ನಮ್ಮೂರಿಗೆ ಬಂದ! ಕಾಗದದ ಮೇಲೆ ಮಾತ್ರ. ದಿ ಸರ್ಜನ್ಸ್ ಡಾಟರ್ ಅನ್ನೋ ಕಥೆ ಸ್ಕಾಟ್ಲೆಂಡಿನ ಹಳ್ಳಿಯಲ್ಲಿ ಶುರುವಾಗಿ ಮದ್ರಾಸ್, ಮೈಸೂರು ಸೀಮೆಗೆ ಬರುತ್ತೆ. ಕೊನೆಯ ದೃಶ್ಯ ಬೆಂಗಳೂರು. ಹೈದರ್ ಅಲಿ ಫಕೀರನ ವೇಷದಲ್ಲಿ ಇರ್ತಾನೆ, ಕೊನೆಗೆ ವೇಷ ಕಳಚಿ ನಾಯಕಿಯನ್ನು ಬಿಡಿಸ್ತಾನೆ, ಮೋಸಗಾರನನ್ನು ಆನೆಯಿಂದ ತುಳಿಸ್ತಾನೆ. ಸ್ಕಾಟ್ ಭಾರತಕ್ಕೆ ಬಂದವನೇ ಅಲ್ಲ. ಇಲ್ಲಿದ್ದು ಹೋದ ಕರ್ನಲ್ ಫರ್ಗುಸನ್ ಅನ್ನೋ ಗೆಳೆಯನಿಂದ ವಿವರ ಕೇಳಿ ಬರೆದದ್ದು. ಇತಿಹಾಸದ ಹೈದರ್‌ಗೆ ಓದು ಬರಹ ಬರ್ತಿರಲಿಲ್ಲ, ಆದ್ರೆ ಕನ್ನಡವೂ ಸೇರಿ ಹಲವು ಭಾಷೆ ಮಾತಾಡ್ತಿದ್ದ. ಅಂಥವನಿಗೆ ಸ್ಕಾಟ್ ಕೊಟ್ಟಿದ್ದು ಅರೇಬಿಯನ್ ನೈಟ್ಸ್ ಪುಸ್ತಕದಲ್ಲಿ ಸುಲ್ತಾನರು ಆಡುವಂಥ ಗಂಭೀರ ಇಂಗ್ಲಿಷ್. ಲಿಡ್ಸ್‌ಡೇಲಿನ ರೈತನ ಒಂದು ಬೈಗುಳಕ್ಕೆ ಇರೋ ಜೀವ ಆ ಹೈದರನ ಭಾಷಣಕ್ಕೆ ಇಲ್ಲ. ರೈತನ ಮನೆಯಲ್ಲಿ ಸ್ಕಾಟ್ ಉಂಡು ಮಲಗಿದ್ದ, ಇಲ್ಲಿಗೆ ಬಂದು ಯಾರ ಮಾತನ್ನೂ ಕೇಳಿರಲಿಲ್ಲ.

ಬಂದದ್ದು ಅವನ ದೊಡ್ಡ ಮಗ. ಅವನ ಹೆಸರೂ ವಾಲ್ಟರ್, ಕುದುರೆ ಪಡೆಯ ಅಧಿಕಾರಿ. ಬೆಂಗಳೂರಿನಲ್ಲಿದ್ದಾಗ ಜ್ವರ ಹಿಡಿದು, ಊರಿಗೆ ವಾಪಸ್ ಹೋಗೋ ದಾರಿಯಲ್ಲಿ 1847ರಲ್ಲಿ ಹಡಗಿನಲ್ಲೇ ತೀರಿಕೊಂಡ.

ಅಷ್ಟೊತ್ತಿಗೆ ತಂದೆ ಹೋಗಿ ಹದಿನೈದು ವರ್ಷವಾಗುತ್ತಾ ಬಂದಿತ್ತು. ಬರೆದೂ ಬರೆದೂ ಸ್ಕಾಟ್‌ಗೆ ಪಾರ್ಶ್ವವಾಯು ಬಡಿಯಿತು. ಆರೋಗ್ಯಕ್ಕೆ ಅಂತ ಮಾಲ್ಟಾ, ನೇಪಲ್ಸ್, ರೋಮ್ ಸುತ್ತಿ ಬಂದರೂ ಆಗಲಿಲ್ಲ. 1832ರ ಸೆಪ್ಟೆಂಬರ್ 21ರಂದು, ಟ್ವೀಡ್ ನದಿ ಪಕ್ಕ ತಾನೇ ಕಟ್ಟಿಸಿದ ಆಬಟ್ಸ್‌ಫರ್ಡ್ ಮನೆಯಲ್ಲಿ ಪ್ರಾಣ ಬಿಟ್ಟ. ಉಳಿದ ಸಾಲ ಅವನು ಸತ್ತ ಮೇಲೆ ಪುಸ್ತಕಗಳ ಹಕ್ಕಿನ ಹಣದಿಂದಲೇ ತೀರಿತು.

ನಮ್ಮ ನಾಟಕವನ್ನು ಈಗ ತಿದ್ದಿ ಬರೀತಾ ಇದ್ದೀವಿ. ರಾಜ, ರಾಣಿ, ಕಾವಲುಗಾರ ಮೂವರೂ ಒಂದೇ ಸೀಮೆಯ ಮಾತು ಆಡ್ತಾರೆ. ಗೆಳೆಯ ಈ ಸಲ ರಾಜ. ಹಳೇ ಸ್ಕ್ರಿಪ್ಟ್ ತೆಗೆದು ನೋಡಿದ್ರೆ ಕಾವಲುಗಾರನ ಒಂದೇ ಸಾಲಿನಲ್ಲಿ ರಾಜನಿಗೆ ರೀ ಅಂತಲೂ ಹಾಕಿದ್ದೀವಿ, ಲೇ ಅಂತಲೂ ಹಾಕಿದ್ದೀವಿ. ದೊಡ್ಡವರಿಗೆ ಲೇ ಅಂದವನ ತಲೆ ಅವತ್ತೇ ಹೋಗ್ತಿತ್ತು ಅಂತ ಗೆಳೆಯ ಈಗ ನಗ್ತಾನೆ. ಅವತ್ತು ವೇದಿಕೆ ಮೇಲೆ ಯಾಕೆ ಹೇಳಲಿಲ್ಲ ಅಂದ್ರೆ, ನೀವು ಕೇಳಲಿಲ್ಲ ಅಂತಾನೆ.

ಹೋದ ಭಾನುವಾರ ರೂಮಿನಲ್ಲೇ ಕೂತು, ಫೋನ್ ಸ್ಪೀಕರಿಗೆ ಹಾಕಿ, ಮೊದಲ ಪುಟ ಅವರ ಆಯಿಗೆ ಓದಿ ಹೇಳಿದ. ಆಯಿ ಹನ್ನೊಂದು ತಪ್ಪು ಹಿಡಿದ್ರು. ರಾಣಿ ಅಷ್ಟು ಉದ್ದ ಮಾತಾಡಿದ್ರೆ ಒಲೆ ಮೇಲಿನ ಹಾಲು ಉಕ್ಕಿ ಹೋಗ್ತದ ಅಂತಲೂ ಅಂದ್ರು. ಎರಡನೇ ಪುಟ ಈ ಭಾನುವಾರ.